‘ಯೂಸ್ಡ್ ಟು’ ಎಂದು ಬರೆಯುವ ಮುನ್ನ

ಇವತ್ತಿನ ಮಾತಿಗೆ ನಾನು ಆರಿಸಿಕೊಂಡಿರುವುದು ಇಂಗ್ಲಿಷಿನ ಒಂದು ಪುಟ್ಟ ನುಡಿಗಟ್ಟು: ‘ಯೂಸ್ಡ್ ಟು’. ಎರಡೇ ಪದ. ಹೈಸ್ಕೂಲು ಮುಗಿಸಿದ ಯಾರಿಗೂ ಇದು ಹೊಸದಲ್ಲ. ಮಾತಾಡುವಾಗ ಇದನ್ನು ಎಲ್ಲಿ ಹೇಗೆ ಬಳಸಿದರೂ ನಮ್ಮ ನಡುವೆ ಕೆಲಸ ನಡೆದುಹೋಗುತ್ತದೆ. ಎದುರಿಗಿರುವವರು ನಮ್ಮ ಮುಖ ನೋಡುತ್ತಾರೆ, ಸಂದೇಹ ಬಂದರೆ ಕೇಳುತ್ತಾರೆ. ಬರಹಕ್ಕೆ ಆ ಅನುಕೂಲ ಇಲ್ಲ. ನಮ್ಮ ಅರ್ಜಿ ಯಾವ ಮೇಜಿನ ಮೇಲೆ ಹೋಗಿ ಕೂರುತ್ತದೋ ಅಲ್ಲಿಗೆ ನಾವು ಹೋಗಿ ವಿವರಿಸುವಂತಿಲ್ಲ. ಅದಕ್ಕಾಗಿ ಈ ಮಾತು ಮುಖ್ಯವಾಗಿ ಬರಹದ ಬಗ್ಗೆ.

ನಾನಿರುವುದು ಬೆಂಗಳೂರಿನ ಚಂದ್ರಾ ಲೇಔಟಿನಲ್ಲಿ. ‘ಯೂಸ್ಡ್ ಟು’ ಎಂಬುದರ ಸರಿಯಾದ ಬಳಕೆಗೆ ನಮ್ಮ ಸುತ್ತಮುತ್ತಲೇ ಚೆನ್ನಾದ ಉದಾಹರಣೆ ಇದೆ. ಅತ್ತಿಗುಪ್ಪೆ, ನಾಗರಬಾವಿ, ಗಂಗೊಂಡನಹಳ್ಳಿ, ಇವೆಲ್ಲ ಹಳ್ಳಿಯ ಹೆಸರುಗಳು. ಅತ್ತಿಗುಪ್ಪೆ ಎಂದರೆ ಈಗಿನ ಮಕ್ಕಳಿಗೆ ಮೆಟ್ರೊ ನಿಲ್ದಾಣ. 2015ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಮಾರ್ಗ ತೆರೆದಾಗ ಅಲ್ಲಿ ರೈಲು ನಿಲ್ಲತೊಡಗಿತು. ಇಲ್ಲಿಯ ಹಳಬರು ಮಾತ್ರ ‘ಇಲ್ಲೆಲ್ಲ ಹೊಲ ಇತ್ತು’ ಎನ್ನುತ್ತಾರೆ. ಅದನ್ನು ಇಂಗ್ಲಿಷಿನಲ್ಲಿ ಬರೆಯಬೇಕೆಂದರೆ ‘ದೇರ್ ಯೂಸ್ಡ್ ಟು ಬಿ ಫೀಲ್ಡ್ಸ್ ಹಿಯರ್’. ಈ ವಾಕ್ಯದೊಳಗೆ ಎರಡು ಸಂಗತಿ ಇವೆ. ಹೊಲ ಇತ್ತು ಎಂಬುದು ಒಂದು. ಈಗ ಇಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಬರೆಯಬೇಕಾಗಿಯೇ ಇಲ್ಲ, ‘ಯೂಸ್ಡ್ ಟು’ ಅದನ್ನು ತಾನಾಗಿ ಹೇಳಿಬಿಡುತ್ತದೆ. ‘ಅಂಡ್ ದೇರ್ ಸ್ಟಿಲ್ ಆರ್’, ಅಂದರೆ ಈಗಲೂ ಹಾಗೆಯೇ, ಎಂದು ಬಾಲ ಸೇರಿಸಿದರೆ ಮಾತ್ರ ಓದುಗ ಬೇರೆ ರೀತಿ ತಿಳಿಯುತ್ತಾನೆ. ಸೇರಿಸದಿದ್ದರೆ, ಆ ಸಂಗತಿ ಮುಗಿಯಿತು ಎಂದೇ ಅವನ ಲೆಕ್ಕ.

ನಾವು ಎಡವುವುದು ಇಲ್ಲೇ. ನಮ್ಮಲ್ಲಿ ಬಹಳ ಜನ ಇದನ್ನು ಬಳಸುವುದು ಮುಗಿದುಹೋದ ಸಂಗತಿಗಲ್ಲ, ಇವತ್ತಿಗೂ ನಡೆಯುತ್ತಿರುವ ಸಂಗತಿಗೆ. ‘ಐ ಯೂಸ್ಡ್ ಟು ಗೋ ಫಾರ್ ವಾಕಿಂಗ್ ಎವೆರಿ ಡೇ’ ಎನ್ನುವ ಹಿರಿಯರು ಇವತ್ತು ಬೆಳಿಗ್ಗೆಯೂ ಪಾರ್ಕಿನಲ್ಲಿ ಸುತ್ತು ಹಾಕಿ ಬಂದಿರುತ್ತಾರೆ. ‘ನಾನು ದಿನಾ ವಾಕಿಂಗ್ ಹೋಗ್ತೀನಿ’ ಎಂಬುದು ಅವರ ಮನಸ್ಸಿನಲ್ಲಿರುವ ಮಾತು. ಇಂಗ್ಲಿಷ್ ಬಲ್ಲ ಅಪರಿಚಿತನೊಬ್ಬ ಅದನ್ನು ಓದಿದರೆ, ‘ಪಾಪ, ಈಗ ಮಂಡಿ ನೋವೇನೋ, ನಿಲ್ಲಿಸಿದ್ದಾರೆ’ ಎಂದುಕೊಳ್ಳುತ್ತಾನೆ.

ವಾಕಿಂಗಿನ ವಿಷಯದಲ್ಲಿ ಇದರಿಂದ ನಷ್ಟವೇನಿಲ್ಲ. ಬೇರೆ ಕಡೆ ಇದೆ. ನಮ್ಮ ಬಡಾವಣೆಯ ಮನೆಗಳಲ್ಲಿ ಮಕ್ಕಳು ಅಮೆರಿಕದಲ್ಲೋ ಐರ್ಲೆಂಡಿನಲ್ಲೋ ಜರ್ಮನಿಯಲ್ಲೋ ಇರುವುದು ಈಗ ಸಾಮಾನ್ಯ. ಅಪ್ಪ ಅಮ್ಮ ಅಲ್ಲಿಗೆ ಹೋಗಿ ಬರಬೇಕೆಂದರೆ ವೀಸಾ ಅರ್ಜಿ, ಅದರ ಜೊತೆ ಒಂದು ಪತ್ರ. ಜೆರಾಕ್ಸ್ ಅಂಗಡಿಯಲ್ಲೋ ಡಿಟಿಪಿ ಸೆಂಟರಿನಲ್ಲೋ ಕೂತು ಟೈಪ್ ಮಾಡಿಸುತ್ತಾರೆ. ಒಬ್ಬ ತಾಯಿ ತನ್ನ ಖರ್ಚನ್ನು ಮಗನೇ ನೋಡಿಕೊಳ್ಳುತ್ತಾನೆ ಎಂದು ಹೇಳಲು ‘ಮೈ ಸನ್ ಯೂಸ್ಡ್ ಟು ಸೆಂಡ್ ಮಿ ಮನಿ ಎವೆರಿ ಮಂತ್’ ಎಂದು ಬರೆಸಿದರು ಎಂದುಕೊಳ್ಳಿ. ಅಧಿಕಾರಿ ಅದನ್ನು ಓದಿ ತಿಳಿದುಕೊಳ್ಳುವುದೇನು? ಮಗ ಮೊದಲು ಹಣ ಕಳಿಸುತ್ತಿದ್ದ, ಈಗ ಕಳಿಸುತ್ತಿಲ್ಲ. ತಾಯಿ ಹೇಳಬೇಕೆಂದಿದ್ದಕ್ಕೆ ಪೂರ್ತಿ ವಿರುದ್ಧ. ಕಾಗುಣಿತ ಸರಿ, ವಾಕ್ಯ ಚೊಕ್ಕ, ಕಂಪ್ಯೂಟರು ಕೆಂಪು ಗೆರೆ ಎಳೆಯುವುದಿಲ್ಲ. ತಪ್ಪು ಕಣ್ಣಿಗೆ ಬೀಳದ ಕಾರಣಕ್ಕೇ ನನಗೆ ಇದರ ಬಗ್ಗೆ ಇಷ್ಟು ಕಾಳಜಿ. ‘ಮೈ ಸನ್ ಸೆಂಡ್ಸ್ ಮಿ ಮನಿ ಎವೆರಿ ಮಂತ್’, ಇಷ್ಟು ಸಾಕಿತ್ತು.

ಹಾಗಾದರೆ ಈ ತಪ್ಪು ನಮ್ಮವರಲ್ಲಿ ಇಷ್ಟು ಬೇರುಬಿಟ್ಟದ್ದು ಹೇಗೆ? ದಡ್ಡತನ ಎಂದು ನಾನು ಒಪ್ಪುವುದಿಲ್ಲ. ನಮ್ಮ ಕನ್ನಡದ ಕ್ರಿಯಾಪದವನ್ನು ಸ್ವಲ್ಪ ಬಿಡಿಸಿ ನೋಡಿದರೆ ಕಾರಣ ಕಾಣುತ್ತದೆ. ‘ಹೋಗುತ್ತೇನೆ’ ಎಂಬ ರೂಪ ನಮ್ಮಲ್ಲಿ ಇವತ್ತಿಗೂ ಸಲ್ಲುತ್ತದೆ, ನಾಳೆಗೂ ಸಲ್ಲುತ್ತದೆ. ‘ದಿನಾ ಹೋಗ್ತೀನಿ’, ‘ನಾಳೆ ಹೋಗ್ತೀನಿ’, ಎರಡಕ್ಕೂ ಒಂದೇ ರೂಪ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡದ ಕಾಲಗಳನ್ನು ಹೊಂದಿಸಲು ಹೋದರೆ ಇಂಥ ಕಡೆ ಕೂಡುವುದಿಲ್ಲ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕವನ್ನೇ ಬರೆದರು. ನಮ್ಮ ಭಾಷೆಯನ್ನು ಅದರ ಒಳಗಿನಿಂದಲೇ ನೋಡಬೇಕೆಂಬ ಅವರ ಹಟ ನನಗೆ ಇಂಗ್ಲಿಷ್ ಕಲಿಸುವಾಗಲೂ ದಾರಿ ತೋರಿಸಿದೆ.

ಈಗ, ಒಂದು ಕೆಲಸ ಮತ್ತೆ ಮತ್ತೆ ನಡೆಯುತ್ತದೆ ಎಂದು ಒತ್ತಿ ಹೇಳಬೇಕಾದಾಗ ನಾವು ಏನು ಮಾಡುತ್ತೇವೆ? ‘ಇರು’ ಸೇರಿಸುತ್ತೇವೆ. ‘ಹೋಗ್ತಾ ಇರ್ತೀನಿ’, ‘ಮಾಡ್ತಾ ಇರ್ತಾರೆ’, ‘ಬರ್ತಾ ಇರ್ತವೆ’. ಎಷ್ಟು ಸೊಗಸಾದ ರೂಪ! ರೂಢಿಯನ್ನು ಹೇಳಲೆಂದೇ ಇರುವ ಹಾಗೆ ಇದೆ. ಇಷ್ಟು ತುಂಬಿದ ಮಾತಿಗೆ ಇಂಗ್ಲಿಷಿನ ‘ಐ ಗೋ’ ತೀರಾ ಬೋಳು ಅನ್ನಿಸುತ್ತದೆ. ಏನೋ ಬಿಟ್ಟುಹೋಯಿತು ಎಂಬ ಭಾವ. ಆ ‘ಇರ್ತೀನಿ’ಯ ಜಾಗ ತುಂಬಲು ಕೈಗೆ ಸಿಗುವುದೇ ‘ಯೂಸ್ಡ್ ಟು’.

ಇನ್ನೊಂದು ಕಾರಣ ತರಗತಿಯದು. ‘ಯೂಸ್ಡ್ ಟು ಅಂದರೆ ಅಭ್ಯಾಸ’ ಎಂದು ಹೇಳಿಕೊಡುವುದು ನಮ್ಮಲ್ಲಿ ವಾಡಿಕೆ. ಕೇಳಿದ ಮಗು ಅದನ್ನು ನಂಬುತ್ತದೆ. ನನಗೆ ದಿನಾ ಪೇಪರ್ ಓದುವ ಅಭ್ಯಾಸ ಇದೆ, ಆದ್ದರಿಂದ ‘ಐ ಯೂಸ್ಡ್ ಟು ರೀಡ್’. ತರ್ಕದಲ್ಲಿ ತಪ್ಪಿಲ್ಲ, ಹೇಳಿಕೊಟ್ಟ ಅರ್ಥದಲ್ಲಿ ಅರ್ಧ ಬಿಟ್ಟುಹೋಗಿದೆ. ‘ಹಿಂದೆ ಇದ್ದು ಈಗ ಬಿಟ್ಟುಹೋದ ಅಭ್ಯಾಸ’ ಎಂದು ಪೂರ್ತಿ ಹೇಳಿದ್ದರೆ ಆ ಮಗು ಜೀವನಪೂರ್ತಿ ಸರಿಯಾಗಿ ಬರೆಯುತ್ತಿತ್ತು. ನಮ್ಮ ಹಳೆಯ ತಲೆಮಾರಿನವರ ಮನೆಮನೆಯಲ್ಲೂ ಇದ್ದ ‘ರೆನ್ ಅಂಡ್ ಮಾರ್ಟಿನ್’ ವ್ಯಾಕರಣ ಪುಸ್ತಕ ಇದನ್ನು ನಿಂತುಹೋದ ರೂಢಿ ಎಂದೇ ಗುರುತಿಸುತ್ತದೆ. ಪುಸ್ತಕದಲ್ಲಿದ್ದದ್ದು ಕಪ್ಪು ಹಲಗೆಗೆ ಬರುವಷ್ಟರಲ್ಲಿ ‘ನಿಂತುಹೋದ’ ಎಂಬ ಮಾತು ಉದುರಿಹೋಯಿತು.

ನಾವೊಬ್ಬರೇ ಹೀಗೆ ಬಳಸುವವರು ಎಂದೂ ತಿಳಿಯಬೇಕಾಗಿಲ್ಲ. ಸಿಂಗಪುರದ ಇಂಗ್ಲಿಷಿನಲ್ಲೂ ಇವತ್ತಿನ ರೂಢಿಗೆ ಈ ನುಡಿಗಟ್ಟನ್ನು ಬಳಸುವುದನ್ನು ಭಾಷಾವಿಜ್ಞಾನಿಗಳು ದಾಖಲಿಸಿದ್ದಾರೆ. ಅಷ್ಟೇಕೆ, ಇಂಗ್ಲಿಷರೇ ಒಂದು ಕಾಲದಲ್ಲಿ ಇದರ ವರ್ತಮಾನ ರೂಪವನ್ನು ಬಳಸುತ್ತಿದ್ದರು. 1611ರ ಕಿಂಗ್ ಜೇಮ್ಸ್ ಬೈಬಲಿನ 119ನೇ ಕೀರ್ತನೆಯಲ್ಲಿ ಆ ರೂಪ ಇದೆ. ಮುಂದೆ ಅದು ಬಳಕೆಯಿಂದ ಬಿದ್ದುಹೋಗಿ ಭೂತಕಾಲದ ರೂಪವೊಂದೇ ಉಳಿಯಿತು. ಹಾಗಾಗಿ ನಮ್ಮ ಹಿರಿಯರು ‘ಯೂಸ್ಡ್ ಟು’ ಎಂದು ಮಾತಾಡಿದರೆ ನಗುವವರ ಜೊತೆ ನಾನಿಲ್ಲ. ಮಾತಿನಲ್ಲಿ ಅದು ಇರಲಿ. ಆದರೆ ಅಪರಿಚಿತರು ಓದುವ ಕಾಗದದಲ್ಲಿ ಇವತ್ತಿನ ಇಂಗ್ಲಿಷಿನ ಅರ್ಥವೇ ನಡೆಯುತ್ತದೆ. ಅಲ್ಲಿ ನಮ್ಮ ಸಮರ್ಥನೆಗೆ ಜಾಗವಿಲ್ಲ.

ಇನ್ನು, ನಿಜವಾಗಿಯೂ ಹಿಂದಿನ ಸಂಗತಿಯನ್ನೇ ಹೇಳುವಾಗಲೂ ಒಂದು ತೊಡಕು ಬರುತ್ತದೆ. ಕನ್ನಡದ ‘ಹೋಗುತ್ತಿದ್ದೆ’ ಎಂಬುದಕ್ಕೆ ಎರಡು ಮುಖ. ‘ನೀನು ಫೋನ್ ಮಾಡಿದಾಗ ಮಾರ್ಕೆಟ್ಟಿಗೆ ಹೋಗುತ್ತಿದ್ದೆ’ ಎಂದರೆ ಆ ಗಳಿಗೆಯಲ್ಲಿ ದಾರಿಯಲ್ಲಿದ್ದೆ. ‘ಚಿಕ್ಕವನಿದ್ದಾಗ ಅಜ್ಜನ ಜೊತೆ ಸಂತೆಗೆ ಹೋಗುತ್ತಿದ್ದೆ’ ಎಂದರೆ ವಾರವಾರ ಹೋಗುವುದು ರೂಢಿಯಾಗಿತ್ತು. ಮೊದಲನೆಯದು ‘ಐ ವಾಸ್ ಗೋಯಿಂಗ್’. ಎರಡನೆಯದು ‘ಐ ಯೂಸ್ಡ್ ಟು ಗೋ’. ಕನ್ನಡದಲ್ಲಿ ಒಂದೇ ರೂಪ ಇರುವುದರಿಂದ ನಾವು ಎರಡಕ್ಕೂ ‘ವಾಸ್ ಗೋಯಿಂಗ್’ ಹಾಕಿಬಿಡುತ್ತೇವೆ. ‘ಐ ವಾಸ್ ಸ್ಟಡಿಯಿಂಗ್ ಇನ್ ದಟ್ ಸ್ಕೂಲ್, ಐ ವಾಸ್ ಪ್ಲೇಯಿಂಗ್ ಕಬಡ್ಡಿ ಡೈಲಿ’. ಯಾವುದು ಯಾವುದೆಂದು ತಿಳಿಯಲು, ನಿಮ್ಮ ಕನ್ನಡ ವಾಕ್ಯದಲ್ಲಿ ‘ಆಗೆಲ್ಲ’ ಎಂಬ ಮಾತನ್ನು ಸೇರಿಸಿ ನೋಡಿ. ‘ಆಗೆಲ್ಲ ಸಂತೆಗೆ ಹೋಗುತ್ತಿದ್ದೆ’ ಚೆನ್ನಾಗಿ ಕೂಡುತ್ತದೆ. ‘ಆಗೆಲ್ಲ’ ಕೂಡಿದ ಕಡೆ ‘ಯೂಸ್ಡ್ ಟು’ ಬರೆಯಬಹುದು. ಫೋನಿನ ವಾಕ್ಯಕ್ಕೆ ಅದು ಕೂಡುವುದಿಲ್ಲ.

ಕೆಲಸಕ್ಕೆ ಅರ್ಜಿ ಬರೆಯುವ ತರುಣರಿಗೆ ಇಲ್ಲಿ ಒಂದು ಮಾತನ್ನು ನಿಧಾನವಾಗಿ ಹೇಳಬೇಕು. ‘ಐ ಯೂಸ್ಡ್ ಟು ವರ್ಕ್ ಇನ್ ಎ ಗಾರ್ಮೆಂಟ್ ಫ್ಯಾಕ್ಟರಿ ಫಾರ್ ತ್ರೀ ಇಯರ್ಸ್’ ಎಂಬಂಥ ವಾಕ್ಯಗಳು ಬಯೋಡೇಟಾದಲ್ಲಿ ಬಹಳ ಕಾಣುತ್ತವೆ. ‘ಯೂಸ್ಡ್ ಟು’ ಇದ್ದಲ್ಲಿ ಒಟ್ಟು ಎಷ್ಟು ವರ್ಷ, ಒಟ್ಟು ಎಷ್ಟು ಸಲ ಎಂಬ ಅಳತೆ ಬರುವಂತಿಲ್ಲ. ಅದು ಬೇಲಿ ಇಲ್ಲದ ಹಳೆಯ ಕಾಲವನ್ನು ಹೇಳುವ ನುಡಿಗಟ್ಟು. ಅಳತೆ ಗೊತ್ತಿದ್ದರೆ ಸಾದಾ ಭೂತಕಾಲ ಸಾಕು: ‘ಐ ವರ್ಕ್ಡ್ ಫಾರ್ ತ್ರೀ ಇಯರ್ಸ್’. ‘ಐ ವಿಸಿಟೆಡ್ ಮೈಸೂರು ಟ್ವೈಸ್’. ಅಲ್ಲಿ ‘ಯೂಸ್ಡ್ ಟು’ ಬೇಡವೇ ಬೇಡ. ಬಯೋಡೇಟಾದಲ್ಲೇ ಇನ್ನೊಂದು ಅಪಾಯವೂ ಇದೆ. ‘ಐ ಯೂಸ್ಡ್ ಟು ಟೈಪ್ ಇನ್ ಕನ್ನಡ ಅಂಡ್ ಇಂಗ್ಲಿಷ್’ ಎಂದು ಬರೆದರೆ, ಈಗ ಕೈ ತಪ್ಪಿಹೋಗಿದೆ ಎಂದು ಒಪ್ಪಿಕೊಂಡ ಹಾಗೆ. ಬರುತ್ತದೆ ಎಂದಾದರೆ ‘ಐ ಕ್ಯಾನ್ ಟೈಪ್’ ಎಂದೇ ಬರೆಯಿರಿ. ತನಗೆ ಬರುವ ವಿದ್ಯೆಯನ್ನು ಹೇಳಿಕೊಳ್ಳಬೇಕಾದ ಕಾಗದದಲ್ಲೇ ಅದು ಹಳೆಯ ಕಥೆಯಂತೆ ಕಾಣುವುದು ನನಗೆ ಬಹಳ ಸಂಕಟದ ವಿಷಯ.

ಇಲ್ಲಿಯವರೆಗೆ ಒಂದು ‘ಯೂಸ್ಡ್ ಟು’ ಆಯಿತು. ಅದರ ಹಿಂದೆ ‘ಆಮ್’, ‘ಇಸ್’, ‘ಆರ್’ ಸೇರಿದ ಕೂಡಲೇ ಅದು ಬೇರೆಯೇ ನುಡಿಗಟ್ಟು. ‘ಐ ಆಮ್ ಯೂಸ್ಡ್ ಟು’ ಎಂದರೆ ನನಗೆ ಒಗ್ಗಿದೆ, ಅಭ್ಯಾಸವಾಗಿದೆ. ಇದು ಇವತ್ತಿನ ಮಾತು. ಇಲ್ಲಿ ಬರುವ ತಪ್ಪು ಮುಂದಿನ ಕ್ರಿಯಾಪದದ್ದು. ‘ಐ ಆಮ್ ಯೂಸ್ಡ್ ಟು ಗೆಟ್ ಅಪ್ ಅರ್ಲಿ’ ಎಂದು ಬರೆಯುತ್ತೇವೆ. ಆಗಬೇಕಾದದ್ದು ‘ಗೆಟಿಂಗ್ ಅಪ್’. ಏಕೆಂದು ಕೇಳಿದರೆ ‘ಅದು ಹಾಗೆಯೇ’ ಎಂದು ಉತ್ತರ ಕೊಡುವುದುಂಟು. ಕನ್ನಡ ಬಲ್ಲವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಇದೆ.

‘ಬೇಗ ಏಳೋದು ನನಗೆ ಅಭ್ಯಾಸ ಆಗಿದೆ’ ಎನ್ನುತ್ತೇವಲ್ಲ. ‘ಏಳೋದು’, ಗ್ರಂಥಭಾಷೆಯಲ್ಲಿ ‘ಏಳುವುದು’, ಕ್ರಿಯಾಪದ ನಾಮಪದವಾಗಿ ನಿಂತಿರುವ ರೂಪ. ಇಂಗ್ಲಿಷಿನ ‘ಗೆಟಿಂಗ್’ ಮಾಡುವುದೂ ಅದೇ ಕೆಲಸ. ಒಗ್ಗುವುದು ಒಂದು ವಸ್ತುವಿಗೆ, ಒಂದು ನಾಮಪದಕ್ಕೆ: ‘ಐ ಆಮ್ ಯೂಸ್ಡ್ ಟು ದಿ ಟ್ರಾಫಿಕ್’. ಟ್ರಾಫಿಕ್ಕಿನ ಜಾಗದಲ್ಲಿ ಕ್ರಿಯೆಯನ್ನು ತರಬೇಕಾದರೆ ಅದನ್ನೂ ನಾಮಪದ ಮಾಡಿಯೇ ತರಬೇಕು. ಇಲ್ಲಿನ ‘ಟು’ ನಮ್ಮ ಚತುರ್ಥಿ ವಿಭಕ್ತಿಯ ‘ಕ್ಕೆ’ ಇದ್ದ ಹಾಗೆ: ಟ್ರಾಫಿಕ್ಕಿಗೆ ಒಗ್ಗಿದ್ದೇನೆ, ಏಳುವುದಕ್ಕೆ ಒಗ್ಗಿದ್ದೇನೆ. ‘ಐ ವಾಂಟ್ ಟು ಗೋ’ ಎನ್ನುವಾಗಿನ ‘ಟು’ ಬೇರೆ, ಅದು ‘ಹೋಗಲು’ ಎಂಬುದರ ‘ಅಲು’. ಬರೆಯುವ ಕನ್ನಡದಲ್ಲಿ ‘ಹೋಗಲು’, ‘ಹೋಗುವುದಕ್ಕೆ’ ಎಂದು ಎರಡು ರೂಪ ಸ್ಪಷ್ಟವಾಗಿ ಬೇರೆ ಇವೆ. ಬೆಂಗಳೂರಿನ ಆಡುಮಾತಿನಲ್ಲಿ ಎರಡೂ ಕರಗಿ ‘ಹೋಗೋಕೆ’ ಆಗಿವೆ. ಇಂಗ್ಲಿಷಿನ ಎರಡು ‘ಟು’ಗಳನ್ನು ನಾವು ಒಂದೇ ಎಂದು ಭಾವಿಸುವುದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನನ್ನ ಊಹೆ. ಸಂದೇಹ ಬಂದಾಗ ಆ ಜಾಗದಲ್ಲಿ ಒಂದು ನಾಮಪದ ಇಟ್ಟು ನೋಡಿ. ಅರ್ಥ ಕೆಡದಿದ್ದರೆ ‘ಇಂಗ್’ ಬೇಕು. ‘ಲುಕಿಂಗ್ ಫಾರ್ವರ್ಡ್ ಟು’ ಎಂದು ಪತ್ರದ ಕೊನೆಯಲ್ಲಿ ಬರೆಯುತ್ತೀರಲ್ಲ, ಅಲ್ಲಿಯೂ ಇದೇ ಪರೀಕ್ಷೆ ಸಲ್ಲುತ್ತದೆ: ‘ಮೀಟ್ ಯು’ ಅಲ್ಲ, ‘ಮೀಟಿಂಗ್ ಯು’.

ಮೂರನೆಯ ಬಳಕೆ ಸುಲಭ. ‘ದಿಸ್ ನೈಫ್ ಇಸ್ ಯೂಸ್ಡ್ ಟು ಕಟ್ ವೆಜಿಟೆಬಲ್ಸ್’, ಈ ಚಾಕುವನ್ನು ತರಕಾರಿ ಹೆಚ್ಚಲು ಬಳಸುತ್ತಾರೆ. ಇಲ್ಲಿ ‘ಬಳಸು’ ಎಂಬ ನೇರ ಅರ್ಥ. ಇದರಲ್ಲಿ ನಮ್ಮವರು ತಪ್ಪುವುದು ಕಡಿಮೆ.

ಬರಹಕ್ಕೇ ಸೇರಿದ ಒಂದು ಸೂಕ್ಷ್ಮವಿದೆ, ಕಿವಿಗೆ ಅದು ತಿಳಿಯುವುದಿಲ್ಲ. ಚಾಕುವಿನ ವಾಕ್ಯದಲ್ಲಿ ‘ಯೂಝ್ಡ್’ ಎಂಬ ಉಚ್ಚಾರ. ರೂಢಿ ಹೇಳುವ ವಾಕ್ಯದಲ್ಲಿ ‘ಯೂಸ್ಟ್’. ಅದರ ಕೊನೆಯ ‘ಟ್’ ಮುಂದಿನ ‘ಟು’ ಜೊತೆ ಬೆರೆತು, ಕೇಳಿಸುವುದು ‘ಯೂಸ್ಟು’ ಅಷ್ಟೇ. ಕಿವಿ ನಂಬಿ ಬರೆದರೆ ‘ಡಿ’ ಅಕ್ಷರ ಬಿಟ್ಟುಹೋಗುತ್ತದೆ. ಇಂಗ್ಲಿಷೇ ಮನೆಮಾತಾದವರೂ ಇಲ್ಲಿ ತಪ್ಪುತ್ತಾರೆ. ಸಾಮಾನ್ಯ ವಾಕ್ಯದಲ್ಲಿ ‘ಡಿ’ ಇರಲೇಬೇಕು. ನಿಷೇಧದಲ್ಲೂ ಪ್ರಶ್ನೆಯಲ್ಲೂ ‘ಡಿಡ್’ ಬಂದಾಗ ಮಾತ್ರ ಅದು ಹೋಗುತ್ತದೆ: ‘ಐ ಡಿಡಂಟ್ ಯೂಸ್ ಟು’, ‘ಡಿಡ್ ಯು ಯೂಸ್ ಟು’. ಭೂತಕಾಲದ ಭಾರವನ್ನು ‘ಡಿಡ್’ ಹೊತ್ತ ಮೇಲೆ ಇನ್ನೊಂದು ಗುರುತು ಬೇಡ. ‘ಡಿಡ್ ಯು ವೆಂಟ್’ ಎನ್ನುವುದಿಲ್ಲವಲ್ಲ, ಹಾಗೆ. ‘ಡಿಡಂಟ್ ಯೂಸ್ಡ್ ಟು’ ಎಂದು ಅಚ್ಚಾದದ್ದನ್ನು ನೀವು ನೋಡಿರಬಹುದು. ಪರೀಕ್ಷೆಗೂ ಅರ್ಜಿಗೂ ‘ಡಿ’ ಇಲ್ಲದ ರೂಪವನ್ನೇ ಇಟ್ಟುಕೊಳ್ಳುವುದು ಕ್ಷೇಮ.

ಇಷ್ಟೆಲ್ಲ ನಿಯಮ ಕೇಳಿ, ಇದನ್ನು ಬಾಯಿಪಾಠ ಮಾಡಬೇಕೇ ಎಂದು ಮಕ್ಕಳು ಹೆದರಬೇಕಾಗಿಲ್ಲ, ಬೇರೆ ದಾರಿ ಇದೆ. ನಮ್ಮ ಚಂದ್ರಾ ಲೇಔಟಿನಿಂದ ತುಸು ದೂರದಲ್ಲಿ, ಜ್ಞಾನಭಾರತಿ ಆವರಣದಲ್ಲಿ, ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಲ್ಲಿ ಶುರುವಾದ ಈ ಸಂಸ್ಥೆ ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತ ಬಂದಿದೆ. ಈ ಸಂಸ್ಥೆಯ ಜೊತೆ ಸೇರಿ ಎನ್. ಎಸ್. ಪ್ರಭು ಎಂಬುವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಲೋಕದ ಭಾಷಾಶಿಕ್ಷಣ ತಜ್ಞರು ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ಮಕ್ಕಳಿಗೆ ವ್ಯಾಕರಣದ ಪಾಠ ಮಾಡುವ ಬದಲು ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು ಲೆಕ್ಕ ಬಿಡಿಸಲು ಹೇಳಿದರು. ಮಗುವಿನ ಮನಸ್ಸು ಅರ್ಥದ ಮೇಲೆ ನೆಟ್ಟಿರುವಾಗಲೇ ವ್ಯಾಕರಣ ಒಳಗೆ ಕೂರುತ್ತದೆ ಎಂಬುದು ಪ್ರಭು ಅವರ ನಿಲುವು. 1987ರಲ್ಲಿ ಬಂದ ಅವರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ ಪುಸ್ತಕವನ್ನು ಇಂದಿಗೂ ಬೇರೆ ಬೇರೆ ದೇಶಗಳಲ್ಲಿ ಓದುತ್ತಾರೆ. ಇಂಥ ಕೆಲಸಕ್ಕೆ ನಮ್ಮ ಊರಿನ ಹೆಸರು ಅಂಟಿಕೊಂಡಿರುವುದು ನನಗೆ ತುಂಬ ಹೆಮ್ಮೆ.

2007-08ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸುತ್ತಿದ್ದಾರೆ. ಮಕ್ಕಳಿಗೆ ವರ್ಷಗಳು ಸಿಕ್ಕಿವೆ, ಅರ್ಥ ಸಿಗಬೇಕು. ಪ್ರಭು ಅವರ ದಾರಿಯಲ್ಲೇ ಮನೆಯಲ್ಲಿ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಮಗು ಅಜ್ಜಿಯ ಪಕ್ಕ ಕೂತು ಕೇಳಲಿ: ಅಜ್ಜಿ, ಆಗ ನೀರು ಎಲ್ಲಿಂದ ತರ್ತಿದ್ರಿ? ಈಗ? ಆಗ ಹಿಟ್ಟು ಎಲ್ಲಿ ಬೀಸ್ತಿದ್ರಿ? ಈಗ? ಅಜ್ಜಿ ಕನ್ನಡದಲ್ಲೇ ಹೇಳಲಿ, ಮಗು ಇಂಗ್ಲಿಷಿನಲ್ಲಿ ಬರೆದುಕೊಳ್ಳಲಿ. ‘ಅಜ್ಜಿ ಯೂಸ್ಡ್ ಟು ಡ್ರಾ ವಾಟರ್ ಫ್ರಮ್ ಎ ವೆಲ್. ನೌ ಶಿ ಓಪನ್ಸ್ ದಿ ಟ್ಯಾಪ್.’ ಹೀಗೆ ಬರೆಯುತ್ತ ಹೋದರೆ ಯಾವುದು ಮುಗಿದದ್ದು, ಯಾವುದು ನಡೆಯುತ್ತಿರುವುದು ಎಂಬ ಅರಿವು ಕೈಗೇ ಬರುತ್ತದೆ. ಅಜ್ಜಿ ದಿನಾ ರಂಗೋಲಿ ಹಾಕುವುದು ಆಗಲೂ ಇತ್ತು, ಈಗಲೂ ಇದೆ ಎಂದಾಗ ಮಗು ಪೆನ್ನು ಎತ್ತಿ ಯೋಚಿಸುತ್ತದೆ. ಆ ಯೋಚನೆಯೇ ನಮಗೆ ಬೇಕಾದ ಪಾಠ.

ಕೊನೆಯದಾಗಿ ಹಿರಿಯರಿಗೆ ಒಂದು ಮಾತು, ದಯವಿಟ್ಟು ಗಮನ ಕೊಡಿ. ವಿಮೆಯ ಅರ್ಜಿಯಲ್ಲಿ, ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋದಾಗ ಅಲ್ಲಿಯ ವೈದ್ಯರಿಗೆ ಕೊಡುವ ಚೀಟಿಯಲ್ಲಿ, ನಿಮ್ಮ ಔಷಧಿಗಳ ವಿವರವನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ಬಿಪಿ ಮಾತ್ರೆಯನ್ನೋ ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಇವತ್ತಿಗೂ ನುಂಗುತ್ತಿರುವವರು ‘ಐ ಯೂಸ್ಡ್ ಟು ಟೇಕ್’ ಎಂದು ಬರೆದರೆ, ಓದಿದ ವೈದ್ಯರು ನೀವು ಮಾತ್ರೆ ನಿಲ್ಲಿಸಿದ್ದೀರಿ ಎಂದು ತಿಳಿದು ಆ ಲೆಕ್ಕದಲ್ಲೇ ಮುಂದಿನ ಔಷಧಿ ಬರೆಯಬಹುದು. ತೆಗೆದುಕೊಳ್ಳುತ್ತಿದ್ದರೆ ‘ಐ ಟೇಕ್’ ಎಂದು ಬರೆದು, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂಬುದನ್ನು ಪಕ್ಕದಲ್ಲಿ ಸೇರಿಸಿ. ನಿಜವಾಗಿ ನಿಲ್ಲಿಸಿದ್ದರೆ ‘ಯೂಸ್ಡ್ ಟು’ ಸರಿಯೇ, ಆದರೆ ಅಲ್ಲಿಗೆ ಬಿಡಬೇಡಿ. ಯಾವ ತಿಂಗಳು ನಿಲ್ಲಿಸಿದಿರಿ, ಯಾರು ಹೇಳಿದ್ದಕ್ಕೆ ನಿಲ್ಲಿಸಿದಿರಿ ಎಂಬುದನ್ನು ‘ಐ ಸ್ಟಾಪ್ಡ್’ ಎಂದು ಶುರುಮಾಡಿ ಇನ್ನೊಂದು ವಾಕ್ಯದಲ್ಲಿ ಬರೆಯಿರಿ.